ಕ್ಯೂಆರ್ ಸ್ಟಿಕರ್ ಕಿತ್ತರೆ ತೆರಿಗೆ ತಪ್ಪುತ್ತದಾ? ಸಣ್ಣ ಆನ್‌ಲೈನ್ ವ್ಯಾಪಾರದ ತಪ್ಪು ಲೆಕ್ಕಗಳು

2025ರ ಜುಲೈನಲ್ಲಿ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಒಂದೇ ಥರದ ಬರಹ ಕಾಣಿಸಿಕೊಂಡಿತು: 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'. ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ್ದ ಕ್ಯೂಆರ್ ಸ್ಟಿಕರ್‌ಗಳನ್ನು ಕಿತ್ತು ಹಾಕಿದ್ದರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. 2021-22ರಿಂದ 2024-25ರವರೆಗೆ ಅವರ ಯುಪಿಐಗೆ ಬಂದ ಹಣ ನೋಡಿ, 'ನೀವು ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ' ಎಂದು ಕೇಳಿತ್ತು.

ಗಲಾಟೆ ಜೋರಾಯಿತು. ಜುಲೈ 25ಕ್ಕೆ ಬಂದ್ ಕರೆ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಅಲ್ಲಿಗೆ ಅಂಗಡಿಗಳ ಗಲಾಟೆ ತಣ್ಣಗಾಯಿತು. ಗೊಂದಲ ಮಾತ್ರ ಮನೆಗಳಿಗೆ ದಾಟಿತು. ಇನ್‌ಸ್ಟಾಗ್ರಾಂನಲ್ಲಿ ಸೀರೆ ತೋರಿಸಿ ಮಾರುವವರು, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಉಪ್ಪಿನಕಾಯಿ ಆರ್ಡರ್ ತೆಗೆದುಕೊಳ್ಳುವವರು, ಆನ್‌ಲೈನ್‌ನಲ್ಲಿ ಟ್ಯೂಷನ್ ಹೇಳುವವರು, 'ನಮಗೂ ಬರುತ್ತಾ' ಎಂದು ಕೇಳತೊಡಗಿದರು. ಅವರಿಗೆ ಸಿಕ್ಕ ಉತ್ತರಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು. ಈ ಅರ್ಧ ಸರಿ ಇರುವ ಉತ್ತರಗಳೇ ಜಾಸ್ತಿ ಅಪಾಯ.

ನೋಟಿಸ್ ಹೇಳಿದ್ದೇನು, ಜನ ಕೇಳಿಸಿಕೊಂಡಿದ್ದೇನು

ಆ ದಿನಗಳಲ್ಲಿ ತುಂಬಾ ಸುದ್ದಿಯಾಗಿದ್ದು ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ನೋಟಿಸ್. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಡಿಜಿಟಲ್ ವಹಿವಾಟು, ಅದಕ್ಕೆ 29 ಲಕ್ಷ ತೆರಿಗೆ. ತರಕಾರಿ ಮಾರುವವರಿಗೆ 29 ಲಕ್ಷವೇ ಎಂದು ಊರೆಲ್ಲ ಬೆರಗಾಯಿತು.

ಲೆಕ್ಕ ಹಾಕಿ ನೋಡಿ. 1.63 ಕೋಟಿಗೆ ಶೇ 18 ಹಾಕಿದರೆ 29 ಲಕ್ಷದ ಚಿಲ್ಲರೆ ಬರುತ್ತದೆ. ಅಂದರೆ, ಖಾತೆಗೆ ಬಂದ ಇಡೀ ಹಣವನ್ನು ಶೇ 18ರ ತೆರಿಗೆ ಇರುವ ಮಾಲಿನ ಮಾರಾಟ ಎಂದುಕೊಂಡರೆ ಎಷ್ಟಾಗುತ್ತದೋ ಸರಿಸುಮಾರು ಅಷ್ಟು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರು ಎಷ್ಟು ಕೋಟಿ ಮಾರಿದರೂ ನೋಂದಣಿ ಮಾಡಿಸಬೇಕಿಲ್ಲ. ಆದರೆ ಯುಪಿಐ ದಾಖಲೆಯಲ್ಲಿ ಹಣ ಬಂದದ್ದು ಕಾಣುತ್ತದೆಯೇ ಹೊರತು, ಅದು ಟೊಮೆಟೊಗೆ ಬಂದದ್ದೋ ಟೀವಿಗೆ ಬಂದದ್ದೋ ಕಾಣುವುದಿಲ್ಲ.

ಇಲಾಖೆಯ ವಾದ ಇಷ್ಟು: ನೋಟಿಸ್ ಅಂತಿಮ ಆದೇಶವಲ್ಲ, ಪ್ರಶ್ನೆ. ದಾಖಲೆ ತೋರಿಸಿ, ತೆರಿಗೆ ಇಲ್ಲದ ಮಾಲನ್ನು ಕಳೆದು ಲೆಕ್ಕ ಹಾಕುತ್ತೇವೆ. ಪಕ್ಕದ ಅಂಗಡಿಯವನು ತೆರಿಗೆ ಕಟ್ಟುತ್ತಿರುವಾಗ ನಿಮ್ಮನ್ನು ಬಿಟ್ಟರೆ ಅವನಿಗೆ ಅನ್ಯಾಯ. ವ್ಯಾಪಾರಿಗಳ ವಾದವೂ ಸುಳ್ಳಲ್ಲ: ಅದೇ ಖಾತೆಗೆ ಚೀಟಿ ಹಣ ಬಂದಿದೆ, ಬಾವಮೈದುನ ಕೊಟ್ಟ ಕೈಸಾಲ ಬಂದಿದೆ. ನಾಲ್ಕು ವರ್ಷದ ಹಿಂದಿನದಕ್ಕೆ ಈಗ ದಾಖಲೆ ಎಲ್ಲಿಂದ ತರುವುದು? ಮೊದಲ ವರ್ಷವೇ ಯಾಕೆ ಹೇಳಲಿಲ್ಲ?

ಈ ಕೊನೆಯ ಪ್ರಶ್ನೆಗೆ ಇಲಾಖೆಯ ಬಳಿ ಒಳ್ಳೆ ಉತ್ತರ ಇರಲಿಲ್ಲ. ಇಷ್ಟರ ನಡುವೆ ಜನರ ಮನಸ್ಸಿನಲ್ಲಿ ಉಳಿದದ್ದು ಒಂದೇ ಮಾತು: 'ಯುಪಿಐ ತಗೊಂಡ್ರೆ ಟ್ಯಾಕ್ಸ್ ಬೀಳುತ್ತೆ'.

ಯುಪಿಐ ಬರೀ ಕಿಟಕಿ

ಯುಪಿಐಗೆಂದೇ ಜಿಎಸ್‌ಟಿ ಇಲ್ಲ. 2,000 ರೂಪಾಯಿ ದಾಟಿದ ಯುಪಿಐ ಪಾವತಿಗೆ ಜಿಎಸ್‌ಟಿ ಹಾಕುತ್ತಾರೆಂಬ ಸುದ್ದಿ 2025ರ ಏಪ್ರಿಲ್‌ನಲ್ಲಿ ಹಬ್ಬಿದಾಗ ಕೇಂದ್ರ ಹಣಕಾಸು ಸಚಿವಾಲಯವೇ ಅದನ್ನು ಅಲ್ಲಗಳೆಯಿತು. ತೆರಿಗೆ ಬೀಳುವುದು ಮಾರಾಟಕ್ಕೆ. ಹಣ ನೋಟಿನಲ್ಲಿ ಬಂದರೂ, ಫೋನಿನಲ್ಲಿ ಬಂದರೂ, ಚೆಕ್‌ನಲ್ಲಿ ಬಂದರೂ ಮಾರಾಟ ಮಾರಾಟವೇ. ಯುಪಿಐ ಮಾಡಿದ್ದು ಇಷ್ಟೇ, ಮೊದಲು ಹೊರಗೆ ಕಾಣದಿದ್ದ ವಹಿವಾಟನ್ನು ಕಾಣುವಂತೆ ಮಾಡಿತು. ಕಿಟಕಿ ಮುಚ್ಚಿದರೆ ಮನೆಯೊಳಗಿನ ಸಾಮಾನು ಮಾಯವಾಗುವುದಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿ ಇದೆ. ಪೂರ್ತಿ ಲೆಕ್ಕಪುಸ್ತಕ ಇಡದೆ, ವಹಿವಾಟಿನ ಇಷ್ಟು ಭಾಗ ನನ್ನ ಲಾಭ ಎಂದು ಹೇಳಿ ತೆರಿಗೆ ಕಟ್ಟಬಹುದು. ನಗದಿನಲ್ಲಿ ಬಂದ ಹಣಕ್ಕೆ ಲಾಭ ಕನಿಷ್ಠ ಶೇ 8 ಎಂದು ಲೆಕ್ಕ. ಬ್ಯಾಂಕ್ ಮೂಲಕ, ಡಿಜಿಟಲ್ ಆಗಿ ಬಂದದ್ದಕ್ಕೆ ಶೇ 6 ಮಾತ್ರ. ಈ ಪದ್ಧತಿಯ ಮಿತಿ 2 ಕೋಟಿ ರೂಪಾಯಿ ವಹಿವಾಟು. ನಗದು ಶೇ 5ರೊಳಗಿದ್ದರೆ ಮಿತಿ 3 ಕೋಟಿಗೆ ಏರುತ್ತದೆ. ಅಂದರೆ 'ಕ್ಯಾಶ್ ಮಾತ್ರ' ಎಂದು ಬೋರ್ಡ್ ಹಾಕಿ, ವಹಿವಾಟನ್ನು ಪ್ರಾಮಾಣಿಕವಾಗಿ ತೋರಿಸುವವರು ಜಾಸ್ತಿ ಲಾಭ ತೋರಿಸಬೇಕಾಗುತ್ತದೆ. ತೋರಿಸದೆ ಇರುವವರ ಕಥೆ ಬೇರೆ, ಬಿಡಿ.

ಮನೆಮಂದಿಯ ಹೆಸರಲ್ಲಿ ಕ್ಯೂಆರ್ ಹಂಚುವ ಉಪಾಯವೂ ಓಡಾಡುತ್ತಿದೆ. ಬೆಳಿಗ್ಗೆ ಗಂಡನದು, ಸಂಜೆ ಹೆಂಡತಿಯದು, ಭಾನುವಾರ ಮಗನದು. ಜಿಎಸ್‌ಟಿಯಲ್ಲಿ ವಹಿವಾಟನ್ನು ಪ್ಯಾನ್ ಲೆಕ್ಕದಲ್ಲಿ ಕೂಡುತ್ತಾರೆ ಎಂಬ ಮಾತು ನಿಜ. ಆದರೆ ಒಂದೇ ಅಂಗಡಿ, ಒಂದೇ ಮಾಲು, ಮೂರು ಖಾತೆ ಎಂದಾದಾಗ ಅದು ಮೂರು ವ್ಯಾಪಾರ ಆಗುವುದಿಲ್ಲ. ಮೊದಲು 'ಗೊತ್ತಿರಲಿಲ್ಲ' ಎಂದು ಹೇಳಿಕೊಳ್ಳಬಹುದಿತ್ತು. ಹೀಗೆ ಹಂಚಿದ ಮೇಲೆ ಗೊತ್ತಿದ್ದೇ ಮಾಡಿದ್ದು ಎಂದಾಗುತ್ತದೆ.

ನಲವತ್ತು ಲಕ್ಷ ಎಂಬ ಅರ್ಧ ಸತ್ಯ

ಎಲ್ಲರ ಬಾಯಲ್ಲಿರುವ ಸಂಖ್ಯೆ ಇದು. ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ಬೇಡ. ಅಂಗಡಿಯವರಿಗೆ ಇದು ಬಹುಪಾಲು ಸರಿ. 2019ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ಈ ಮಿತಿ ಇದೆ. ಸೇವೆಗೆ 20 ಲಕ್ಷ.

ಈ 'ಬರೀ' ಎಂಬ ಪದದ ಮೇಲೆ ಕಣ್ಣಿಡಿ. ಸೀರೆ ಮಾರುವುದರ ಜೊತೆಗೆ ಗಿರಾಕಿ ತಂದ ಬಟ್ಟೆಗೆ ಬ್ಲೌಸ್ ಹೊಲಿದುಕೊಟ್ಟರೆ ಸರಕೂ ಆಯಿತು, ಸೇವೆಯೂ ಆಯಿತು. ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಇನ್ನು ಐಸ್‌ಕ್ರೀಂ, ಪಾನ್ ಮಸಾಲಾ, ತಂಬಾಕು ಮಾರುವವರಿಗೆ 40 ಲಕ್ಷದ ಸವಲತ್ತು ಇಲ್ಲವೇ ಇಲ್ಲ. ಪಾನ್ ಮಸಾಲಾ ಜೊತೆ ಐಸ್‌ಕ್ರೀಂ ಯಾಕೆ ಬಂತು ಅಂತ ನಗು ಬರಬಹುದು, ಆದರೆ ನಿಯಮ ಹಾಗೇ ಇದೆ.

ಇನ್ನೊಂದು ಎಡವಟ್ಟು. 40 ಲಕ್ಷ ಎಂದರೆ ಲಾಭವಲ್ಲ, ಒಟ್ಟು ಮಾರಾಟ. ಅದರಲ್ಲಿ ತೆರಿಗೆ ಇಲ್ಲದ ಮಾಲಿನ ಮಾರಾಟವೂ ಸೇರುತ್ತದೆ. 35 ಲಕ್ಷದ ತರಕಾರಿ, 6 ಲಕ್ಷದ ಬಿಸ್ಕತ್ತು-ಸೋಪು ಮಾರಿದವರ ಒಟ್ಟು 41 ಲಕ್ಷ. ನೋಂದಣಿ ಬೇಕು. ತೆರಿಗೆ ಮಾತ್ರ ಆ 6 ಲಕ್ಷಕ್ಕೆ. ಮಿತಿ ನೋಡುವಾಗ ಒಂದು ಲೆಕ್ಕ, ತೆರಿಗೆ ಹಾಕುವಾಗ ಇನ್ನೊಂದು ಲೆಕ್ಕ. ನೋಟಿಸ್ ಬಂದ ಅನೇಕರು ತಬ್ಬಿಬ್ಬಾದದ್ದು ಇಲ್ಲೇ.

ಹೊಸೂರಿಗೆ ಹೋದ ಸೀರೆ

ಆನ್‌ಲೈನ್ ವ್ಯಾಪಾರಿಗಳು ನಿಜವಾಗಿ ಎಡವುವ ಜಾಗ ಬೇರೆ. ಅದು ರಾಜ್ಯದ ಗಡಿ.

ತಮಿಳುನಾಡಿನ ಹೊಸೂರಿನಿಂದ ಒಬ್ಬರು ಬೆಂಗಳೂರಿನ ಅಂಗಡಿಗೆ ಬಂದು ಸೀರೆ ಕೊಂಡು, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಅದು ಕರ್ನಾಟಕದೊಳಗಿನ ಮಾರಾಟ. ಅದೇ ಸೀರೆಯನ್ನು ಅವರು ಫೋಟೊ ನೋಡಿ ಇಷ್ಟಪಟ್ಟು, ನೀವು ಕೊರಿಯರ್‌ನಲ್ಲಿ ಹೊಸೂರಿಗೆ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ಮೊದಲ ಸೀರೆಗೇ ನೋಂದಣಿ ಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಹೇಳುವುದು ಇದನ್ನೇ. ಪಟ್ಟಿಯಲ್ಲಿರುವ ಕೆಲವು ಕರಕುಶಲ ವಸ್ತುಗಳಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ, ಉಳಿದವರಿಗಿಲ್ಲ.

ಯಾಕೆ ಹೀಗೆ? ಜಿಎಸ್‌ಟಿ ಸೇರಬೇಕಾದದ್ದು ಮಾಲು ಬಳಕೆಯಾಗುವ ರಾಜ್ಯಕ್ಕೆ. ಮೈಸೂರಿನಿಂದ ಪುಣೆಗೆ ಸೋಪು ಹೋದರೆ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ ಸೇರಬೇಕು. ಮಾರುವವರು ದಾಖಲೆಯಲ್ಲೇ ಇಲ್ಲದಿದ್ದರೆ ಆ ಪಾಲು ದಾಟುವ ದಾರಿ ಇಲ್ಲ. ಸರ್ಕಾರದ ಈ ವಾದದಲ್ಲಿ ಹುರುಳಿದೆ. ಆದರೆ ತಿಂಗಳಿಗೆ ಹತ್ತು ಸೋಪು ಕಳಿಸುವವರಿಗೂ, ಹತ್ತು ಲಾರಿ ಕಳಿಸುವವರಿಗೂ ಒಂದೇ ಬಾಗಿಲು ಇಟ್ಟದ್ದು ಅತಿಯಾಯಿತು. ಅಂಗಡಿಗೆ ಸಿಗುವ ವಿನಾಯಿತಿ ಪಾರ್ಸೆಲ್‌ಗೆ ಯಾಕಿಲ್ಲ ಎಂಬ ಸಣ್ಣ ವ್ಯಾಪಾರಿಗಳ ಪ್ರಶ್ನೆ ನ್ಯಾಯವಾದದ್ದು.

ಸೇವೆಯ ವಿಷಯದಲ್ಲಿ ಇದೇ ಕಾನೂನು ಮೆತ್ತಗಿದೆ. ಧಾರವಾಡದಲ್ಲಿ ಕೂತು ಮುಂಬೈನ ಮಗುವಿಗೆ ವಿಡಿಯೊದಲ್ಲಿ ಸಂಗೀತ ಪಾಠ ಹೇಳುವವರಿಗೆ 20 ಲಕ್ಷದವರೆಗೆ ನೋಂದಣಿ ಬೇಡ. ಅದೇ ಮಗುವಿಗೆ ಒಂದು ಶಾಲೆ ಬ್ಯಾಗ್ ಮಾರಿ ಕಳಿಸಿದರೆ ಬೇಕು. ಒಂದೇ ಫೋನು, ಒಂದೇ ಗಿರಾಕಿ, ಎರಡು ನಿಯಮ. 'ನಮ್ಮ ಅಕ್ಕನಿಗೆ ಬೇಡ ಅಂದ್ರಂತೆ, ನಮಗ್ಯಾಕೆ' ಎಂಬ ಜಗಳಗಳು ಹುಟ್ಟುವುದು ಇಂಥ ಕಡೆ.

ಯಾರ ಮೂಲಕ ಮಾರುತ್ತೀರಿ

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಥರದ ಮಾರುಕಟ್ಟೆ ಆ್ಯಪ್‌ಗಳಲ್ಲಿ ಸರಕು ಮಾರಲು ಮೊದಲು ಜಿಎಸ್‌ಟಿ ನಂಬರ್ ಕಡ್ಡಾಯವಾಗಿತ್ತು, ವಹಿವಾಟು ಎಷ್ಟೇ ಇರಲಿ. 2023ರ ಅಕ್ಟೋಬರ್ 1ರಿಂದ ಒಂದು ಕಿಂಡಿ ತೆರೆದಿದೆ. ರಾಜ್ಯದೊಳಗೆ ಮಾತ್ರ ಮಾರುವವರು, ಮಿತಿಯೊಳಗಿರುವವರು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು. ಪೂರ್ತಿ ನೋಂದಣಿ ಬೇಡ, ರಿಟರ್ನ್ (ಇಲಾಖೆಗೆ ಕೊಡುವ ಮಾರಾಟ-ತೆರಿಗೆ ಲೆಕ್ಕ) ಬೇಡ. ಆದರೆ ಆ ನಂಬರ್ ಒಂದೇ ರಾಜ್ಯಕ್ಕೆ ಸೀಮಿತ. ಪಕ್ಕದ ರಾಜ್ಯದ ಒಂದು ಆರ್ಡರ್ ಒಪ್ಪಿಕೊಂಡರೂ ಸವಲತ್ತು ಹೋಯಿತು.

ನಿಮ್ಮದೇ ಇನ್‌ಸ್ಟಾಗ್ರಾಂ ಪುಟ, ವಾಟ್ಸ್ಆ್ಯಪ್, ಸ್ವಂತ ವೆಬ್‌ಸೈಟ್ ಆದರೆ ನೀವೇ ನೇರ ಮಾರಿದಂತೆ. ರಾಜ್ಯದೊಳಗಿದ್ದರೆ ಅಂಗಡಿಯ ನಿಯಮ, ಗಡಿ ದಾಟಿದರೆ ಗಡಿಯ ನಿಯಮ. 'ಇನ್‌ಸ್ಟಾದಲ್ಲಿ ಮಾರೋದು ಹವ್ಯಾಸ, ವ್ಯಾಪಾರ ಅಲ್ಲ' ಎಂಬ ನಂಬಿಕೆಗೆ ಕಾನೂನಿನಲ್ಲಿ ಜಾಗವಿಲ್ಲ. ಹಳೆ ಸೋಫಾ ಒಂದನ್ನು ಮಾರಿದರೆ ವ್ಯಾಪಾರವಲ್ಲ. ಪ್ರತಿ ವಾರ ಸೂರತ್‌ನಿಂದ ಮಾಲು ತರಿಸಿ ಮಾರಿದರೆ ವ್ಯಾಪಾರ.

ಮಾರುಕಟ್ಟೆ ಆ್ಯಪ್ ಎಲ್ಲ ತೆರಿಗೆಯನ್ನೂ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು ತಪ್ಪು. ನೋಂದಣಿ ಇರುವವರ ಹಣದಲ್ಲಿ ಆ್ಯಪ್ ಜಿಎಸ್‌ಟಿಯ ಹೆಸರಿನಲ್ಲಿ ಶೇ 0.5 ಹಿಡಿಯುತ್ತದೆ (2024ರ ಜುಲೈ 10ಕ್ಕೆ ಮೊದಲು ಅದು ಶೇ 1 ಇತ್ತು), ಆದಾಯ ತೆರಿಗೆಯ ಹೆಸರಿನಲ್ಲಿ ಶೇ 0.1 ಹಿಡಿಯುತ್ತದೆ. ಇವು ಮುಂಗಡ ಅಷ್ಟೇ. ನಿಮ್ಮ ತೆರಿಗೆಯ ಲೆಕ್ಕ ಮುಗಿಯುವುದು ನೀವು ರಿಟರ್ನ್ ಹಾಕಿದಾಗ. ಜೊತೆಗೆ, ಆ್ಯಪ್ ಹಿಡಿದ ಪ್ರತಿ ರೂಪಾಯಿಯೂ ನಿಮ್ಮ ಪ್ಯಾನ್ ಎದುರು ಇಲಾಖೆಯಲ್ಲಿ ದಾಖಲಾಗಿರುತ್ತದೆ. ನೀವು ಹೇಳದಿದ್ದರೂ ಅದು ಹೇಳುತ್ತದೆ.

ಇದನ್ನೆಲ್ಲ ತಪ್ಪಿಸಲು ಪರಿಚಯದವರ ಜಿಎಸ್‌ಟಿ ನಂಬರ್‌ನಲ್ಲಿ ಮಾಲು ಮಾರುವವರಿದ್ದಾರೆ. ದಯವಿಟ್ಟು ಬೇಡ. ದಾಖಲೆಯ ಪ್ರಕಾರ ಮಾರಾಟವೂ ಅವರದು, ಹಣವೂ ಅವರದು, ತೆರಿಗೆಯೂ ಅವರದು. ನಾಳೆ ಮನಸ್ತಾಪ ಬಂದರೆ ನಿಮ್ಮ ವ್ಯಾಪಾರ ನಿಮ್ಮದೆಂದು ತೋರಿಸಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಬಂಡವಾಳ ಬೇಡದ ವ್ಯಾಪಾರದ ಹತ್ತು ಪಾರ್ಸೆಲ್

'ಅಂಗಡಿ ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ಬಂದದ್ದೆಲ್ಲ ಲಾಭ' ಎನ್ನುವ ರೀಲ್ಸ್‌ಗಳಿಗೆ ಬರವಿಲ್ಲ. ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಂಡು ನೋಡಿ.

ಒಂದು ಕುರ್ತಾ, ಮಾರುವ ಬೆಲೆ 500 ರೂಪಾಯಿ. ಕೊಂಡದ್ದು 280ಕ್ಕೆ. ಕವರ್, ಟೇಪ್, ಲೇಬಲ್ ಸೇರಿ 15. ಆ್ಯಪ್‌ನ ಕಮಿಷನ್ ಮತ್ತು ಶುಲ್ಕ 75. ಸಾಗಣೆ 60. ಉಳಿದದ್ದು 70. ಹತ್ತು ಮಾರಿದರೆ 700 ಎಂದುಕೊಂಡು ಜನ ಶುರು ಮಾಡುತ್ತಾರೆ.

ಈಗ ಹತ್ತು ಪಾರ್ಸೆಲ್‌ನಲ್ಲಿ ಎರಡು ವಾಪಸ್ ಬಂದವು ಅಂದುಕೊಳ್ಳಿ. ಸೈಜ್ ಸರಿಹೋಗಲಿಲ್ಲ, ಅಥವಾ ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲು ತೆರೆಯಲಿಲ್ಲ. ಕೈಗೆ ಬಂದ ಹಣ ಎಂಟರದ್ದು, 4,000. ಎಂಟು ಕುರ್ತಾದ ಅಸಲು 2,240. ಪ್ಯಾಕಿಂಗ್ ಹತ್ತಕ್ಕೂ ಆಗಿದೆ, 150. ಕಮಿಷನ್ ಎಂಟಕ್ಕೆ 600. ಹೋಗುವ ಸಾಗಣೆ ಹತ್ತಕ್ಕೆ 600, ಬರುವ ಸಾಗಣೆ ಎರಡಕ್ಕೆ 120. ಕಳೆದರೆ ಉಳಿದದ್ದು 290. ವಾಪಸ್ ಬಂದ ಎರಡರಲ್ಲಿ ಒಂದಕ್ಕೆ ಕಲೆಯಾಗಿದ್ದರೆ ಇನ್ನೊಂದು 280 ಹೋಯಿತು. ಹತ್ತು ಪಾರ್ಸೆಲ್ ಕಟ್ಟಿದ್ದಕ್ಕೆ ಉಳಿದದ್ದು ಹತ್ತು ರೂಪಾಯಿ.

ಇದರಲ್ಲಿ ಫೋಟೊ ತೆಗೆದ ಸಮಯ, ಜಾಹೀರಾತಿನ ದುಡ್ಡು, ಜಿಎಸ್‌ಟಿ ಯಾವುದೂ ಸೇರಿಲ್ಲ. ಅಂಗಡಿಯಲ್ಲಿ ಬಾಡಿಗೆ ತಿಂಗಳಿಗೊಮ್ಮೆ ಕಣ್ಣಿಗೆ ಕಾಣುತ್ತದೆ. ಆನ್‌ಲೈನ್‌ನಲ್ಲಿ ಅದು ಪ್ರತಿ ಪಾರ್ಸೆಲ್‌ನಲ್ಲಿ ಚೂರುಚೂರಾಗಿ ಹೋಗುತ್ತದೆ, ಹಾಗಾಗಿ ಕಾಣುವುದಿಲ್ಲ. ಇಂಥ ತೆಳು ಲಾಭದಲ್ಲಿ ನಡೆಯುವ ವ್ಯಾಪಾರಕ್ಕೆ ಹಳೆ ತೆರಿಗೆ ಒಮ್ಮೆಗೇ ಬಂದರೆ ಏನಾಗುತ್ತದೆ? ಹೋದ ವರ್ಷದ ಗಿರಾಕಿಗಳ ಬಳಿ ಹೋಗಿ ಜಿಎಸ್‌ಟಿ ಕೊಡಿ ಎನ್ನಲಾಗದು. ಕೈಯಿಂದಲೇ ಕಟ್ಟಬೇಕು. ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ಅದರ ಮೇಲೆ ದಂಡ. ಹಾವೇರಿಯ ಸಂಖ್ಯೆ ಜನರನ್ನು ಬೆಚ್ಚಿಬೀಳಿಸಿದ್ದು ಸುಮ್ನೆ ಅಲ್ಲ.

ತೆರಿಗೆ ಬಿಟ್ಟು ಉಳಿದ ಕಾಗದಗಳು

ತಿನ್ನುವ ಪದಾರ್ಥ ಮಾರಿದರೆ ಮನೆ ಅಡುಗೆಮನೆಯಾದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. 'ಮನೇಲಿ ಮಾಡಿದ್ದು, ಶುದ್ಧ' ಎಂಬ ಬರಹ ಅದರ ಬದಲಿಗೆ ನಡೆಯದು. ಪೊಟ್ಟಣ ಕಟ್ಟಿದ ಮಾಲಿಗೆ ತಯಾರಿಸಿದವರ ಹೆಸರು-ವಿಳಾಸ, ತೂಕ, ಎಂಆರ್‌ಪಿ ಕಡ್ಡಾಯ, ಆನ್‌ಲೈನ್ ಪುಟದಲ್ಲೂ ಅದು ಕಾಣಬೇಕು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. 'ನೋ ರಿಟರ್ನ್' ಎಂದು ಬರೆದುಕೊಂಡ ಮಾತ್ರಕ್ಕೆ ಹರಿದ ಮಾಲು ವಾಪಸ್ ತೆಗೆದುಕೊಳ್ಳದೆ ಇರಲು ಬರುವುದಿಲ್ಲ.

ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಅದು ಸಣ್ಣ ಉದ್ದಿಮೆ ಎಂಬ ಗುರುತು. ಸಾಲಕ್ಕೆ, ಸರ್ಕಾರದ ಯೋಜನೆಗಳಿಗೆ ಉಪಯೋಗ. ಜಿಎಸ್‌ಟಿಯ ಬದಲಿಯಲ್ಲ. ಅಂದಹಾಗೆ ಅದು ಪೂರ್ತಿ ಉಚಿತ. ಎರಡು ಸಾವಿರ ಕೇಳುವವರು ಸರ್ಕಾರದವರಲ್ಲ.

ನೋಂದಣಿ ಮಾಡಿಸಿದರೆ ಮುಳುಗುತ್ತೇವಾ

ಇದು ಎದುರು ದಿಕ್ಕಿನ ಭಯ. ನೋಂದಣಿ ಮಾಡಿಸಿದ ದಿನದಿಂದ ಶೇ 18 ಕೈಬಿಟ್ಟು ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ವರ್ಷಕ್ಕೆ 1.5 ಕೋಟಿಯೊಳಗಿನ ವ್ಯಾಪಾರಿಗಳಿಗೆ ಕಾಂಪೊಸಿಷನ್ ಪದ್ಧತಿ ಇದೆ. ಸರಕು ಮಾರುವವರು ವಹಿವಾಟಿನ ಶೇ 1 ಕಟ್ಟಿದರೆ ಸಾಕು. ಆದರೆ ಗಿರಾಕಿಯಿಂದ ತೆರಿಗೆ ಕೇಳುವಂತಿಲ್ಲ, ಕೊಂಡಾಗ ಕೊಟ್ಟ ತೆರಿಗೆ ವಾಪಸ್ ಪಡೆಯುವಂತಿಲ್ಲ, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಅಂಗಡಿಯವರಿಗೆ ಚೆನ್ನಾಗಿ ಹೊಂದುತ್ತದೆ. ಪಾರ್ಸೆಲ್ ವ್ಯಾಪಾರಿಗಳಿಗೆ ಮತ್ತೆ ಅದೇ ಗಡಿ ಅಡ್ಡ ಬರುತ್ತದೆ.

ಮುಖ್ಯವಾದದ್ದು, ಈ ಪದ್ಧತಿಯನ್ನು ಮೊದಲೇ ಆರಿಸಿಕೊಳ್ಳಬೇಕು, ನಾಲ್ಕು ವರ್ಷದ ಹಿಂದಿನದಕ್ಕೆ ಈಗ ಹಾಕಿಕೊಳ್ಳಲು ಬರುವುದಿಲ್ಲ. ಸಮಯಕ್ಕೆ ಸರಿಯಾಗಿ ಬಂದವರಿಗೆ ಶೇ 1, ತಡವಾಗಿ ಸಿಕ್ಕಿಬಿದ್ದವರಿಗೆ ಪೂರ್ತಿ ದರ. ಜುಲೈನ ನೋಟಿಸ್‌ಗಳು ಅಷ್ಟು ದೊಡ್ಡದಾಗಿ ಕಂಡದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಬೇರೆ ರಾಜ್ಯಕ್ಕೆ ಕಳಿಸುವವರು ಮಾಮೂಲಿ ನೋಂದಣಿಗೇ ಬರಬೇಕು. ಅಲ್ಲಿ ಕೊಂಡಾಗ ಕೊಟ್ಟ ತೆರಿಗೆಯನ್ನು, ಆ್ಯಪ್‌ನ ಶುಲ್ಕದ ಮೇಲಿನ ತೆರಿಗೆಯನ್ನು ಕಳೆದು ಉಳಿದದ್ದು ಕಟ್ಟಿದರೆ ಆಯಿತು. ಹೊರೆ ಎಂದರೆ ರಿಟರ್ನ್. ಮಾರಾಟವೇ ಇಲ್ಲದಿದ್ದರೂ ಸೊನ್ನೆ ಎಂದು ಹಾಕಬೇಕು. ಮರೆತರೆ ತಡದ ಶುಲ್ಕ. ಎರಡು ತಿಂಗಳು ಮಾರಿ ಬಿಟ್ಟವರು ನೋಂದಣಿ ರದ್ದು ಮಾಡಿಸುವುದನ್ನು ಮರೆತು, ಮಾರದ ವ್ಯಾಪಾರಕ್ಕೆ ಶುಲ್ಕ ಕಟ್ಟುವುದೂ ಉಂಟು.

ಮುಂದೆ ಏನಾಗಬಹುದು

ನಗದಿಗೆ ಹಿಂತಿರುಗುವುದು ಆನ್‌ಲೈನ್‌ನವರಿಗೆ ಸಾಧ್ಯವೇ ಇಲ್ಲ. ಕೊರಿಯರ್‌ಗೆ ದಾಖಲೆ ಇದೆ, ಆ್ಯಪ್‌ಗೆ ದಾಖಲೆ ಇದೆ, ಬ್ಯಾಂಕಿಗೂ ಇದೆ. ಹಾಗಾಗಿ ಸಣ್ಣವರಲ್ಲಿ ಒಂದು ಗುಂಪು ರಾಜ್ಯದೊಳಗೆ ಮಾತ್ರ ಮಾರುವುದಕ್ಕೆ ಒಗ್ಗಿಕೊಳ್ಳುತ್ತದೆ. ಇಡೀ ದೇಶವೇ ನಿಮ್ಮ ಮಾರುಕಟ್ಟೆ ಎಂಬ ಭರವಸೆ ಅವರ ಪಾಲಿಗೆ ಬೀದರ್‌ನಿಂದ ಚಾಮರಾಜನಗರಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ಗುಂಪು ನೋಂದಣಿಗೆ ಬರುತ್ತದೆ. ಅವರಿಗೆ ದಾರಿ ಈಗ ಮೊದಲಿಗಿಂತ ಸಲೀಸು. 2025ರ ನವೆಂಬರ್ 1ರಿಂದ, ಅಪಾಯ ಕಡಿಮೆ ಎಂದು ವ್ಯವಸ್ಥೆ ಗುರುತಿಸಿದವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸರಳ ಯೋಜನೆ ಜಾರಿಗೆ ಬಂದಿದೆ.

2025ರ ಸೆಪ್ಟೆಂಬರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 56ನೇ ಸಭೆ ಇನ್ನೊಂದು ವಿಷಯಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಮಾರುಕಟ್ಟೆ ಆ್ಯಪ್‌ಗಳ ಮೂಲಕ ಹಲವು ರಾಜ್ಯಗಳಿಗೆ ಮಾರುವ ಸಣ್ಣವರು ಈಗ ಮಾಲು ಇಟ್ಟ ಪ್ರತಿ ರಾಜ್ಯದಲ್ಲೂ ವ್ಯಾಪಾರದ ಜಾಗ ತೋರಿಸಿ ನೋಂದಣಿ ಮಾಡಿಸಬೇಕು. ಅದನ್ನು ಹಗುರ ಮಾಡುವ ವಿಚಾರ ಅದು. ಆದರೆ ಈ ಒಪ್ಪಿಗೆಯ ಮಾತುಗಳನ್ನು ಗಮನವಿಟ್ಟು ಓದಿ. ಅದು ಆ್ಯಪ್‌ಗಳ ಮೂಲಕ ಮಾರುವವರಿಗೆ. ಆ್ಯಪ್‌ಗೆ ಕಮಿಷನ್ ಕೊಡಲಾಗದೆ ಸ್ವಂತ ಪುಟದಲ್ಲಿ ಮಾರಿ, ತಾವೇ ಅಂಚೆ ಕಚೇರಿಗೆ ಹೋಗಿ ಹೊಸೂರಿಗೆ ಸೀರೆ ಕಳಿಸುವವರು ಅದರೊಳಗೆ ಬರುವುದಿಲ್ಲ. ಅವರಿಗೆ ಮೊದಲ ಸೀರೆಗೇ ನೋಂದಣಿ ಬೇಕು ಎಂಬ ನಿಯಮ ಇದ್ದ ಹಾಗೇ ಇದೆ.